ಪಿಲ್ಲರಿಗೆ ಅಂಟದ ಆರು ಫೂಟಿಂಗ್

ನಾಗರಾಜಣ್ಣಾ,

ನಿಮ್ಮ ತಿಥಿಯ ದಿನ ನಮ್ಮ ಆಫೀಸಿನ ಸಾರ್ ಮೊದಲ ಪಂಕ್ತೀಲೇ ಕೂತು ಎರಡು ಸಲ ವಡೆ ಹಾಕಿಸ್ಕೊಂಡ್ರು. ನಿಮ್ಮ ಮನೆಯವರ ಮುಂದೆ "ನನ್ನ ಬಲಗೈನೇ ಹೋಯ್ತಮ್ಮ" ಅಂತ ಕಣ್ಣೊರೆಸಿಕೊಂಡ್ರು. ಈಗ ಅದನ್ನ ನೆನೆಸ್ಕೊಂಡ್ರೆ ನನಗೆ ಮೈ ಉರಿಯುತ್ತೆ. ಯಾಕೆ ಅಂತ ನಿಮಗಲ್ಲದೆ ಇನ್ಯಾರಿಗೆ ಹೇಳಲಿ?

ಅದಾದ ವಾರಕ್ಕೆ ನೀವು ಅರ್ಧಕ್ಕೆ ಬಿಟ್ಟ ಕಟ್ಟಡದ ಮಾಡೆಲ್ ನನ್ನ ಕೈಗೆ ಬಂತು. ಅದೇ, ಶಿಡ್ಲಘಟ್ಟದ ಅಮೀನಾ ಬೀ ಅವರದ್ದು. ಕೆಳಗೆ ರೇಷ್ಮೆ ನೂಲು ತೆಗೆಯೋ ಶೆಡ್ಡು, ಮೇಲೆ ಮನೆ. ಕಂಪ್ಯೂಟರಲ್ಲಿ ತೆರೆದು ನೋಡಿದ್ರೆ ಹಿಂದಿನ ಸಾಲಿನ ಆರು ಪಿಲ್ಲರ್ ಗಾಳೀಲಿ ನೇತಾಡ್ತಿವೆ. ಅವುಗಳನ್ನ ಹೊರಬೇಕಾದ ಫೂಟಿಂಗ್ ನಾಲ್ಕಡಿ ಕೆಳಗೆ ಬೇರೆಯಾಗಿ ಕೂತಿವೆ. ಏನು ಮಾಡಿದ್ರೂ ಪಿಲ್ಲರ್ ಅಂಟಿಲ್ಲ ಅಂತ ಪರದೆ ಮೇಲೆ ಎಚ್ಚರಿಕೆ ಬರ್ತಾನೇ ಇತ್ತು. "ನಾಗರಾಜ ತಪ್ಪು ಲೆವೆಲ್ಲಿಗೆ ಇಟ್ಟು ಹೋದ ಕಣಮ್ಮ. ಫೂಟಿಂಗ್ ಮೇಲಕ್ಕೆ ಎಳೆದು ಅಂಟಿಸು, ಪ್ರಿಂಟ್ ತೆಗಿ," ಅಂದ್ರು ಸಾರ್. ಅಮೀನಾ ಬೀಗೂ ನಿಮ್ಮದೇ ತಪ್ಪು ಅಂತ ಹೇಳಿದ್ರಂತೆ.

ನಾನು ಕೆಲಸಕ್ಕೆ ಸೇರಿದ ದಿನ ನೀವು ಹೇಳಿದ್ರಿ, "ಎಚ್ಚರಿಕೆ ಬಂದ್ರೆ ಮುಚ್ಚಬೇಡಮ್ಮ, ಓದು" ಅಂತ. ಆದ್ರೂ ಸಾರ್ ಮಾತು ಕೇಳಿ ಒಂದು ಫೂಟಿಂಗ್ ಜಾಗ ಬಿಟ್ಟು ಅಲುಗದ ಹಾಗೆ ನೀವು ಹಾಕಿದ್ದ ಪಿನ್ ಬಿಚ್ಚಿಬಿಟ್ಟೆ. ನನ್ನ ಮೇಲೇ ನನಗೆ ಅಸಹ್ಯ. ಆಮೇಲೆ ಹೊಳೀತು, ಸುಮ್ಮಸುಮ್ಮನೆ ಪಿನ್ ಹಾಕೋರಲ್ಲ ನೀವು. ಅದರ ಟಿಪ್ಪಣಿ ತೆಗೆದು ಓದಿದೆ: "ಹಳೇ ಹೊಂಡ ಮುಚ್ಚಿದ ಜಾಗ. ಗಟ್ಟಿ ನೆಲ ಒಂಬತ್ತಡಿಗೆ." ನಿಮ್ಮ ಹಳೇ ಬ್ಯಾಕಪ್ಪಲ್ಲಿ ಆರೂ ಪಿಲ್ಲರ್ ಅಷ್ಟೂ ಆಳಕ್ಕಿಳಿದು ಫೂಟಿಂಗ್ ಮೇಲೆ ಸರಿಯಾಗಿ ನಿಂತಿದ್ವು. ಹಾಗಾದ್ರೆ ಪಿಲ್ಲರ್ ಗಿಡ್ಡ ಮಾಡಿದ್ದು ಯಾರು? ಯಾರು ಯಾವಾಗ ತಿದ್ದಿದ್ರು ಅನ್ನೋ ಫೈಲಿನ ದಾಖಲೆ ತೆಗೆದೆ. ನೀವು ಹೋದ ಮೂರನೇ ದಿನ, ಸಾರ್ ಲಾಗಿನ್ನಿಂದ... ತಿಥಿಗೂ ಮುಂಚೆ ಅಣ್ಣಾ!

ಕೇಳಿದಾಗ ಅವರು ಟೀ ಸೊರಕ್ ಅಂತ ಹೀರಿದ್ರು. "ಅಷ್ಟು ಆಳ ಅಗೆಸ್ತಾ ಕೂರೋಕೆ ಯಾರಿಗಮ್ಮ ಪುರುಸೊತ್ತು? ಸತ್ತೋನು ಬಂದು ಸಾಕ್ಷಿ ಹೇಳ್ತಾನಾ?" ಥೂ! ಆ ಮನುಷ್ಯ ಮುಟ್ಟಿದ ಮೌಸ್ ಹಿಡಿಯೋಕೂ ಹೇಸಿಗೆ ಆಯ್ತು. ಫೂಟಿಂಗ್ ಮುಟ್ಟದೆ ಪಿಲ್ಲರುಗಳನ್ನೇ ಕೆಳಕ್ಕೆಳೆದೆ. ಎಚ್ಚರಿಕೆ ಒಂದೊಂದಾಗಿ ಮಾಯವಾಯ್ತು. ಪ್ರಿಂಟ್ ತೆಗೆದು, ಕೆಲಸಕ್ಕೆ ಬರೋಲ್ಲ ಅಂತ ಚೀಟಿ ಬರೆದಿಟ್ಟು, ಶಿಡ್ಲಘಟ್ಟದ ಬಸ್ ಹತ್ತಿದೆ. ಪ್ರಿಂಟನ್ನ ಅಮೀನಾ ಬೀ ಕೈಗಿಟ್ಟು ನಡೆದಿದ್ದೆಲ್ಲ ಹೇಳಿದೆ.

ಅಮೀನಾ ಬೀ ಜೆಸಿಬಿ ತರಿಸಿದ ದಿನ ನಾನೂ ಗುಂಡಿ ಪಕ್ಕ ನಿಂತಿದ್ದೆ. ಐದಡಿಗೆ ಕೊಳೆತ ಮಣ್ಣು, ಒಡೆದ ಇಟ್ಟಿಗೆ, ಹರಿದ ಪ್ಲಾಸ್ಟಿಕ್, ಗಬ್ಬು ನಾತ. ಒಂಬತ್ತಕ್ಕೆ ಬಕೆಟ್ ಕರ್ ಅಂತ ಗಟ್ಟಿ ನೆಲ ಕೆರೆದು ನಿಂತಿತು. ಅಮೀನಾ ಬೀ ಗುಂಡಿಯೊಳಗೆ ಬಗ್ಗಿ ನೋಡಿದ್ರು. "ಆ ಮನುಷ್ಯ ಸತ್ತೋರ ಮೇಲೆ ಸುಳ್ಳು ಹೇಳಿದ್ನಲ್ಲ ಬೇಟಿ... ನಡಿ, ಅವರ ಮನೆ ತೋರ್ಸು," ಅಂದ್ರು.

ಸಾರ್ ಅತ್ತಿಗೆಗೂ ಅದೇ ಸುಳ್ಳು ಹೇಳಿದ್ರು ಅಂತ ನನಗೆ ಗೊತ್ತಾಗಿದ್ದು ಅಲ್ಲಿಗೆ ಹೋದಾಗಲೇ. ಅತ್ತಿಗೆ ಕೈ ಹಿಡ್ಕೊಂಡು ಅಮೀನಾ ಬೀ "ನಿಮ್ಮೋರದ್ದು ತಪ್ಪಿಲ್ಲಮ್ಮ, ನನ್ನ ಮನೆ ಉಳಿಸಿದ್ರು" ಅಂದ್ರು. ಅತ್ತಿಗೆ ತುಂಬಾ ಹೊತ್ತು ಅತ್ತು, ಆಮೇಲೆ ನನ್ನ ಕೇಳಿದ್ರು: "ಇಷ್ಟು ವರ್ಷ ಆ ಪೆಟ್ಟಿಗೆ ಮುಂದೆ ಅವರು ಏನು ಮಾಡ್ತಿದ್ರೋ ನಂಗೆ ಗೊತ್ತೇ ಇಲ್ಲ ಕಣಮ್ಮ. ಒಂದ್ಸಲ ತೋರಿಸ್ತೀಯಾ?"

ಭಾನುವಾರ ಲ್ಯಾಪ್‌ಟಾಪ್ ತಗೊಂಡು ಹೋಗ್ತೀನಣ್ಣ. ಪಕ್ಕದಲ್ಲಿ ಕೂರಿಸ್ಕೊಂಡು ನೀವು ಮಾಡಿದ ಮನೆಗಳನ್ನ ಒಂದೊಂದೇ ತೋರಿಸ್ತೀನಿ.

ನಿಮ್ಮ
ಮಂಜುಳಾ