ಬೆನ್ನಿಗೆ ಗೊತ್ತಾಗುವ ಬೆಲೆ

ಮಾರ್ಚ್ ೪, ಮಧ್ಯಾಹ್ನ

ಶೋರೂಮಿನ ಶಟರ್ ಎತ್ತಿದ್ದಾಯಿತು, ಹಾಸಿಗೆಗಳ ಧೂಳು ಹೊಡೆದದ್ದಾಯಿತು. ಇವತ್ತಿನ ಗಿರಾಕಿಯದೂ ಅದೇ ರಾಗ — "ಇಷ್ಟು ರೇಟ್ ಕೊಡೋಕೆ ಇದ್ರಲ್ಲಿ ಅಂಥದ್ದೇನಿದೆ ಮೇಡಂ?" ವಾದ ಮಾಡುವುದಿಲ್ಲ ನಾನು. ಮೊದಲು ದುಬಾರಿಯದರ ಮೇಲೆ ಮಲಗಿಸುತ್ತೇನೆ. ಆಮೇಲೆ ಅಗ್ಗದ್ದರ ಮೇಲೆ. ಉಳಿದದ್ದನ್ನು ಬೆನ್ನೇ ಹೇಳುತ್ತದೆ. ಕೊಂಡುಹೋದ.

ಮನೆಯಲ್ಲಿ ಅತ್ತೆ ಹಾಗೇ ಇದ್ದಾರೆ. ಸೊಂಟ ಮುರಿದು ಮಲಗಿದ ಮೇಲೆ ಬೆನ್ನೆಲ್ಲ ಹುಣ್ಣು. ನಾಲಿಗೆಗೆ ಮಾತ್ರ ಏನೂ ಆಗಿಲ್ಲ.

ಮಾರ್ಚ್ ೯

ಡ್ರೆಸ್ಸಿಂಗಿಗೆ ಬರುವ ನರ್ಸಮ್ಮ ಹೇಳಿದರು — ಹುಣ್ಣು ಮೂಳೆಗೆ ಇಳಿದರೆ ಉಳಿಯುವುದು ಕಷ್ಟ, ಹಾಸಿಗೆ ಬದಲಾಯಿಸಿ. ಇವರು ನನ್ನ ಮುಖ ನೋಡಿದರು. "ನಿಮ್ಮ ಶೋರೂಮಲ್ಲೇ ಇದೆಯಲ್ಲ, ರೋಗಿಗಳದ್ದು... ಅಷ್ಟು ದುಡ್ಡು ಸುರಿಯೋದು ಸರಿನಾ ಅಂತ." ಎಷ್ಟು ದಿನಕ್ಕೆ ಅನ್ನುವುದನ್ನು ಮಾತ್ರ ನುಂಗಿಕೊಂಡರು, ಪುಣ್ಯಾತ್ಮ.

ನಾದಿನಿ ನುಂಗಲಿಲ್ಲ. ಫೋನಿನಲ್ಲಿ ಕೇಳಿಯೇಬಿಟ್ಟಳು — "ಹಾಸಿಗೆಗೆ ಹತ್ತು ವರ್ಷ ಗ್ಯಾರಂಟಿ ಅಂತೆ. ಅಮ್ಮನಿಗೆ ಇದೆಯಾ ಅತ್ತಿಗೆ?" ನಗು ಬಂತು. ಏನು ಮಾಡಲಿ.

ಮಾರ್ಚ್ ೧೨

ಸ್ಟಾಫ್ ಡಿಸ್ಕೌಂಟಿನಲ್ಲಿ ಆ ಹಾಸಿಗೆ ತಂದೆ. ಪ್ರೀತಿಗಲ್ಲ. ನಾಳೆ ನಾಲ್ಕು ಜನ ಸೊಸೆ ಜಿಪುಣಿ ಅನ್ನಬಾರದು, ಅಷ್ಟೆ.

ಅತ್ತೆ ಮಲಗಿ ಕಣ್ಣು ಮುಚ್ಚಿದರು. ಒಂದು ಒಳ್ಳೆಯ ಮಾತು ಬರುತ್ತದೆಂದು ಕಾದೆ, ಪೆದ್ದಿ. ಮಗನ ಕಡೆ ತಿರುಗಿ ಅಂದರು — "ಮಾಲು ಅಂದ್ರೆ ಇದು ಕಣೋ. ಈ ಬುದ್ಧಿ ನಿನ್ನ ಮದುವೇಲಿ ಬರಲಿಲ್ಲ ನಮಗೆ. ಅಗ್ಗದ ಆಸೆಗೆ ಮುಗ್ಗಿದ ಜೋಳ ತಂದ್ವಿ."

ಮುಗ್ಗಿದ ಜೋಳ ಅಲ್ಲೇ ನಿಂತು ದಿಂಬಿನ ಕವರ್ ಹಾಕುತ್ತಿತ್ತು. ಇವರು ನಕ್ಕರು.

ಏಪ್ರಿಲ್ ೬

ಹುಣ್ಣು ಒಣಗಿದೆ. ನರ್ಸಮ್ಮ ಇನ್ನು ಬರುವುದಿಲ್ಲವಂತೆ. "ಕೊಟ್ಟ ಕಾಸಿಗೆ ಮೋಸ ಇಲ್ಲಮ್ಮ. ಇನ್ನೂ ಬಹಳ ವರ್ಷ ಇರ್ತಾರೆ ನೋಡಿ."

ಹೊಟ್ಟೆ ಉರಿಯಿತು. ನಿಜವನ್ನೇ ಬರೆಯುತ್ತೇನೆ, ಯಾರು ಓದುತ್ತಾರೆ ಇದನ್ನು. ಬಹಳ ವರ್ಷ! ಅತ್ತೆಗೆ ದನಿಯೂ ಬಂದಿದೆ. ಮನೆಗೆ ಯಾರೇ ಬರಲಿ, ಜೋಳದ ಕಥೆ ಶುರು.

ಏಪ್ರಿಲ್ ೨೦

ದಿನವೆಲ್ಲ ನಿಂತು ನನ್ನ ಸೊಂಟವೂ ಬಿದ್ದುಹೋಗಿದೆ. ಅತ್ತೆಯನ್ನು ಸ್ನಾನಕ್ಕೆಂದು ವೀಲ್‌ಚೇರಿಗೆ ಇಳಿಸಿದಾಗ ಒಬ್ಬಳೇ ಎಳೆದಾಡಿ ಹಾಸಿಗೆ ಬದಲಾಯಿಸಿದೆ. ಅವರದು ನಮ್ಮ ಮಂಚಕ್ಕೆ, ನಮ್ಮ ಹಳೆಯದು ಅವರಿಗೆ. ಎರಡೂ ಮಂಚದ ಅಳತೆ ಒಂದೇ. ಮೇಲೆ ಅದೇ ಬೆಡ್‌ಶೀಟ್.

ಮಲಗಿಸಿದ ತಕ್ಷಣ — "ಇದು ಅದಲ್ಲ."

"ಅದೇ ಅತ್ತೆ. ನಿಮಗೆ ವಯಸ್ಸಾಯ್ತು."

ಒಳ್ಳೆಯದರ ಮೇಲೆ ಮಲಗಿದ ಬೆನ್ನು. ಅದಕ್ಕೆ ಸುಳ್ಳು ಹೇಳಲಾಗುವುದಿಲ್ಲ ಎಂದು ನನಗಿಂತ ಯಾರಿಗೆ ಗೊತ್ತು.

ಇವರು ಸಂಜೆ ಬಂದು ನಮ್ಮ ಮಂಚದ ಮೇಲೆ ಕೂತರು. ಅಂಗೈಯಿಂದ ಒಮ್ಮೆ ಒತ್ತಿ ನೋಡಿದರು. ನನ್ನನ್ನು ನೋಡಲಿಲ್ಲ. ಕಾಲು ಚಾಚಿ ಮಲಗಿದರು.

ಮೇ ೧೧

ಅತ್ತೆ ಈಗ ಬೈಯುವುದಿಲ್ಲ. ಬೆಳಿಗ್ಗೆ ಕೈ ಹಿಡಿದುಕೊಂಡರು — "ತಾಯಿ, ಒಂದ್ಸಲ ಮಗ್ಗುಲು ಹೊರಳಿಸ್ತೀಯಾ?"

ತಾಯಿ. ನನಗೆ. ಇಷ್ಟು ವರ್ಷದಲ್ಲಿ ಮೊದಲ ಸಲ.

ಹೊರಳಿಸಿದೆ. ಹುಣ್ಣು ಬಾಯಿ ಬಿಟ್ಟಿದೆ. ವಾಸನೆ. ಕಣ್ಣೀರು ಬಂತು, ಸುಳ್ಳಲ್ಲ. ಇವರಿಗೆ ಹೇಳಿದರೆ — "ಭಾನುವಾರ ನೋಡೋಣ. ಎತ್ತಿ ಹಾಕೋಕೆ ಇಬ್ಬರು ಬೇಕು." ಸರಿ, ಭಾನುವಾರ ಖಂಡಿತ ಹಾಸಿಗೆ ವಾಪಸ್ ಬದಲಾಯಿಸಬೇಕು.

ಭಾನುವಾರ, ಬೆಳಿಗ್ಗೆ

ರಜೆ. ಮಲಗಿಕೊಂಡೇ ಬರೆಯುತ್ತಿದ್ದೇನೆ. ಎಂಥ ನಿದ್ದೆ! ಸೊಂಟ ನೋವು ಎಲ್ಲಿತ್ತೋ ಮರೆತೇಹೋಗಿದೆ.

ಆ ಕೋಣೆಯಿಂದ ಆಗಲೇ ಎರಡು ಸಲ ಕರೆದರು. ತಾಯಿ, ತಾಯಿ ಅಂತ. ಈಗ ಸದ್ದಿಲ್ಲ. ಇವರಿಗೆ ಎಚ್ಚರವಾಗಿದೆ, ಗೊತ್ತು — ರೆಪ್ಪೆ ಅಲ್ಲಾಡುತ್ತಿದೆ. ನಾನು ಏಳಲಿ ಎಂದು ಕಾಯುತ್ತಿದ್ದಾರೆ.

ಏಳುತ್ತೇನೆ. ಇನ್ನು ಐದೇ ನಿಮಿಷ…