ನಡುಗಡಲಿನಲ್ಲಿ ಸಿಗ್ನಲ್ ಇರುವುದಿಲ್ಲ

ನನ್ನ ವೀಣಕ್ಕನಿಗೆ, ನಿನ್ನ ಚಿನ್ನಿಯ ಒಂದು ಬಿಗಿ ಅಪ್ಪುಗೆ, ಒಂದು ಮುತ್ತು, ಆಮೇಲೆ ಇನ್ನೊಂದು ಅಪ್ಪುಗೆ.

ಅಹಮದಾಬಾದಿನ ಮಣಿನಗರದ ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಕೂತು ನೀನು ನನಗೆ ಅಕ್ಷರ ಕಲಿಸಿದ್ದು ನೆನಪಿದೆಯಾ? ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಗುಜರಾತಿ. ನನಗೆ ಕನ್ನಡ ಬರುತ್ತಿದ್ದದ್ದು ಅವ್ವನ ಬೈಗುಳದಷ್ಟೇ. ನೀನು ಹಳೆಯ ಕ್ಯಾಲೆಂಡರ್ ಹಾಳೆಯ ಹಿಂದೆ ‘ತಗಡಿನ ಸೂರು’ ಬ್ಯಾಂಡಿನ ಹಾಡುಗಳನ್ನು ದಪ್ಪಕ್ಷರದಲ್ಲಿ ಬರೆದು, ಓದಿದರೆ ಮಾತ್ರ ಕೇಳಿಸುತ್ತೇನೆ ಎನ್ನುತ್ತಿದ್ದೆ. ಹಾಗಾಗಿ ಈ ಪತ್ರ ಕನ್ನಡದಲ್ಲೇ. ತಪ್ಪಿದ್ದರೆ ನಗು, ಪರವಾಗಿಲ್ಲ. ಮೊದಲು ಸಿಹಿ ಸುದ್ದಿ: ನನಗೆ ಮದುವೆಯಾಗಿ ಎರಡು ತಿಂಗಳು. ಸೂರತ್‌ನಲ್ಲಿದ್ದೇನೆ. ಪ್ರಣವ್ ಹಜೀರಾದ ಕಾರ್ಖಾನೆಯಲ್ಲಿ ಎಂಜಿನಿಯರ್. ಅಕ್ಕ, ನನಗೆ ಎಷ್ಟು ಖುಷಿಯಾಗಿದೆಯೆಂದರೆ ಬಟ್ಟೆ ಒಣಹಾಕುವಾಗಲೂ ಹಾಡಿಕೊಳ್ಳುತ್ತೇನೆ. ಆ ಹಾಡುವುದರ ಮಧ್ಯದಲ್ಲಿ ಒಮ್ಮೊಮ್ಮೆ ಸಾಲು ಅರ್ಧಕ್ಕೇ ಬಿಟ್ಟು, ಕೈಯಲ್ಲಿ ಒದ್ದೆ ಬಟ್ಟೆ ಹಿಡಿದು ನಿಂತುಬಿಡುತ್ತೇನೆ.

ನಿನಗೆ ಡಯಾಲಿಸಿಸ್ ಶುರುವಾದ ವರ್ಷ ಬ್ಯಾಂಡಿನವರು ಪುಣೆಗೆ ಬಂದಿದ್ದರು. ವಾರಕ್ಕೆ ಮೂರು ದಿನ ಯಂತ್ರಕ್ಕೆ ಕಟ್ಟಿಹಾಕಿದಂತಿದ್ದ ನಿನಗೆ ಪ್ರಯಾಣ ಎಲ್ಲಿಂದ? ಆಗಲೇ ಅಲ್ಲವೇ ನೀನು ಆ ಕ್ರಮ ಹಾಕಿಕೊಟ್ಟದ್ದು. ಅಹಮದಾಬಾದ್, ವಡೋದರ, ಸೂರತ್‌ನಲ್ಲಿ ಚದುರಿಹೋಗಿದ್ದ ಇಪ್ಪತ್ತು ಅಭಿಮಾನಿಗಳನ್ನು ಒಂದು ವಾಟ್ಸಾಪ್ ಗುಂಪಿಗೆ ಸೇರಿಸಿ, ಯಾರು ಬ್ಯಾಂಡಿನ ಸಂಗೀತ ಕಚೇರಿಗೆ ಹೋದರೂ ಅಲ್ಲಿಂದ ಫೋನ್ ಹಚ್ಚಿ ಕೈ ಮೇಲೆತ್ತಿ ಹಿಡಿಯಬೇಕು, ಉಳಿದವರು ಕೇಳಬೇಕು ಎಂದೆ. ‘ಫೋನ್ ಹಿಡಿಯುವುದು’ ನಮ್ಮೊಳಗೊಂದು ವ್ರತವೇ ಆಗಿಹೋಯಿತು. ನೀನು ನಿನ್ನ ಫೋನನ್ನು ಖಾಲಿ ಸ್ಟೀಲ್ ಡಬರಿಯೊಳಗಿಟ್ಟು, ದನಿ ದೊಡ್ಡದಾಗುತ್ತದೆಂದು ಡಬರಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದೆ. ಹಾಡು ಮುಗಿದ ಮೇಲೆ ಅದರ ಜಗಳ ಮೂರು ದಿನ. ಎರಡನೆಯ ಹಾಡು ಮೊದಲು ಬರಬೇಕಿತ್ತು, ಡೋಲು ಜಾಸ್ತಿಯಾಯಿತು, ಹಾಡುವವನಿಗೆ ನೆಗಡಿಯಾಗಿತ್ತು. ಫೋನಿನಲ್ಲಿ ಅವನ ನೆಗಡಿ ಹೇಗೆ ಗೊತ್ತಾಗುತ್ತಿತ್ತೋ ನಿನಗೆ!

ಕಳೆದ ತಿಂಗಳು ಸ್ನಾನ ಮುಗಿಸಿ ಬಂದು ಫೋನ್ ನೋಡಿದರೆ ಗುಂಪಿನಲ್ಲಿ ನೂರಾರು ಸಂದೇಶ. ನಮ್ಮ ಬ್ಯಾಂಡ್ ಹಡಗು ಹತ್ತುತ್ತದಂತೆ! ನಮ್ಮ ಹಜೀರಾ ಬಂದರಿನಿಂದಲೇ ಹೊರಟು ಮೂರು ದಿನ ಸಮುದ್ರದ ಮೇಲೆ ಸಂಗೀತೋತ್ಸವ. ಟಿಕೆಟ್ ದರ ಕೇಳಿದರೆ ನೀನು ಡಬರಿ ಕೆಳಗೆ ಹಾಕುತ್ತಿದ್ದೆ. ವಡೋದರದ ಮಕರಪುರದಲ್ಲಿ ಕೆಲಸ ಮಾಡುವ ನಮ್ಮ ಗದಗಿನ ಗುರು ಕೆಂಡವಾಗಿದ್ದ. “ಇವ್ರು ಹಾಡು ಕೇಳ್ಸಾಕ ಹೊಂಟಿಲ್ಲ. ಗುಜರಾತಿನ್ಯಾಗ ಸಿಗದ ದಾರು ಸಮುದ್ರದಾಗ ಸಿಗತೈತಿ, ಅದನ್ನ ಕುಡ್ಯಾವ್ರಿಗೆ ಉಪ್ಪಿನಕಾಯಿ ಆಗ್ಯಾರ” ಎಂದು ಧ್ವನಿಸಂದೇಶ ಹಾಕಿದ್ದ. ವಡೋದರದ ಬ್ಯಾಂಕಿನ ಸುಮಾ ಆಂಟಿ ಬಿಡುತ್ತಾರೆಯೇ? “ಅಲ್ಲಪ್ಪಾ, ಇಷ್ಟು ವರ್ಷ ನಾವು ಒಂದು ಟಿಕೆಟ್ ತಗೊಂಡು ಇಪ್ಪತ್ತು ಜನ ಕೇಳಿದ್ದೀವಿ. ಅವರಿಗೂ ಮನೆ ಮಕ್ಕಳು ಇಲ್ವಾ? ಒಂದು ಸಲ ದುಡ್ಡಿರೋರ ಮುಂದೆ ಹಾಡಿದ್ರೆ ನಿಂಗೇನು ಕಷ್ಟ?” ಗುರು, ಹಾಗಾದರೆ ನಾವು ಕದ್ದು ಕೇಳಿದೆವಾ ಎಂದ. ಆಂಟಿ, ಹೌದು, ಪ್ರೀತಿಯಿಂದ ಕದ್ದೆವು ಎಂದರು. ನಾನು ಒಬ್ಬಳೇ ಕೂತು ನಕ್ಕೆ. ನಗುತ್ತಿದ್ದಾಗಲೇ ಯಾರೋ ಒಬ್ಬರು ಬರೆದರು: ಜಗಳ ಯಾಕೆ, ನಡುಗಡಲಿನಲ್ಲಿ ಸಿಗ್ನಲ್ ಇರುವುದಿಲ್ಲ, ಯಾರು ಹೋದರೂ ಈ ಸಲ ಫೋನ್ ಹಿಡಿಯಲು ಆಗುವುದಿಲ್ಲ.

ಅದೇ ಸಂಜೆ ಪ್ರಣವ್ ಕೆಲಸದಿಂದ ಬಂದವನು ಶೂ ಕೂಡ ಬಿಚ್ಚದೆ ಫೋನ್ ನನ್ನ ಮುಖದ ಮುಂದೆ ಹಿಡಿದ. ಹಡಗಿನ ಎರಡು ಟಿಕೆಟ್. ಹನಿಮೂನಿಗೆ ರಜೆ ಸಿಕ್ಕಿರಲಿಲ್ಲವಲ್ಲ, ಅದರ ಬದಲಿಗೆ. “ನಿನ್ನ ಬ್ಯಾಂಡ್ ಇದೆ ಅದರಲ್ಲಿ. ಬಸ್, ಬ್ಯಾಗ್ ಪ್ಯಾಕ್ ಮಾಡು” ಎಂದ. ಸೂರತ್‌ನಲ್ಲೇ ಹುಟ್ಟಿ ಬೆಳೆದವನು, ಅವನ ಕನ್ನಡ ಅಷ್ಟೇ ಚುಟುಕು. ನಾನು ಕುಣಿದೆ ಅಕ್ಕ, ನಿಜವಾಗಿ ಕುಣಿದೆ. ಆಮೇಲೆ ಗುಂಪು ತೆರೆದರೆ, ಅಲ್ಲಿ ಇಬ್ಬರೂ ನಿನ್ನ ಹೆಸರು ಹಿಡಿದು ಎಳೆದಾಡುತ್ತಿದ್ದರು. ವೀಣಾ ಇದ್ದಿದ್ದರೆ ಈ ಹಡಗಿಗೆ ಉಗುಳುತ್ತಿದ್ದಳು ಎಂದು ಗುರು. ವೀಣಾ ಇದ್ದಿದ್ದರೆ ಮೊದಲನೆಯ ಟಿಕೆಟ್ ಅವಳದೇ ಎಂದು ಸುಮಾ ಆಂಟಿ. ಕೊನೆಗೆ ಇಬ್ಬರೂ ನನ್ನನ್ನೇ ಕೇಳಿದರು: ನೀನೇ ಹೇಳು, ನಿನ್ನ ಅಕ್ಕ ಏನನ್ನುತ್ತಿದ್ದಳು?

ನಾನು ಏನು ಹೇಳಲಿ? ನಿನ್ನ ಪರವಾಗಿ ಬಾಯಿ ತೆರೆಯುವ ಯೋಗ್ಯತೆ ನನಗೆ ಎಲ್ಲಿದೆ?

ಎರಡು ವರ್ಷದ ಹಿಂದೆ ಬ್ಯಾಂಡಿನವರು ವಡೋದರಕ್ಕೇ ಬಂದರಲ್ಲ, ಆ ದಿನದ ಮಾತು. ನಮ್ಮ ಊರ ಹತ್ತಿರ ಬಂದದ್ದು ಅದೊಂದೇ ಸಲ. ಗುಂಪಿನವರೆಲ್ಲ ಅಲ್ಲೇ ಇದ್ದರು, ನೀನೊಬ್ಬಳನ್ನು ಬಿಟ್ಟು. ಆ ದಿನ ಫೋನ್ ಹಿಡಿಯಬೇಕಾದದ್ದು ನಿನ್ನೊಬ್ಬಳಿಗಾಗಿ, ಹಿಡಿಯಬೇಕಾದವಳು ನಾನೊಬ್ಬಳು. ಮೊದಲ ಹಾಡಿಗೆ ಕೈ ಎತ್ತಿ ಹಿಡಿದಿದ್ದೆ, ಆಣೆ. ಎರಡನೆಯದಕ್ಕೆ ಪಕ್ಕದಲ್ಲಿದ್ದ ಹುಡುಗ, ಗೆಳೆಯನ ಜೊತೆ ಸುಮ್ಮನೆ ಬಂದವನು, ಈ ಸಾಲಿನ ಅರ್ಥ ಏನು ಎಂದು ಕೇಳಿದ. ಹೇಳಿದೆ. ಇನ್ನೊಂದು ಕೇಳಿದ. ಅದನ್ನೂ ಹೇಳಿದೆ. ಎಲ್ಲ ನೀನು ಹೇಳಿಕೊಟ್ಟ ಅರ್ಥಗಳೇ, ನನ್ನವೇ ಎಂಬಂತೆ ಕೈ ತಿರುಗಿಸಿ ಹೇಳಿದೆ. ಕೈ ತಿರುಗಿಸಲು ಫೋನ್ ಅಡ್ಡವಾಯಿತು. ಕರೆ ಕತ್ತರಿಸದೆ ಹಾಗೇ ಬ್ಯಾಗಿನೊಳಗೆ ಇಳಿಬಿಟ್ಟೆ, ಒಂದೇ ಹಾಡಿನ ಮಟ್ಟಿಗೆ ಎಂದುಕೊಂಡು. ಮತ್ತೆ ತೆಗೆದದ್ದು ದೀಪಗಳೆಲ್ಲ ಹತ್ತಿದ ಮೇಲೆ. ಕರೆ ಆಗಲೂ ಚಾಲೂ ಇತ್ತು. ಒಂದೂವರೆ ಗಂಟೆ ನೀನು ಫೋನ್ ಇಟ್ಟಿರಲಿಲ್ಲ.

ಅಷ್ಟೇ ಆಗಿದ್ದರೆ ನಿನ್ನ ಕಾಲು ಹಿಡಿದು ಕ್ಷಮೆ ಕೇಳಿ, ಮುಗಿಸಿಬಿಡುತ್ತಿದ್ದೆ. ಅದಕ್ಕೂ ಒಂದು ತಿಂಗಳ ಮುಂಚೆ ನನ್ನನ್ನು ನೋಡಲು ಬಂದಿದ್ದವರು ನಿನ್ನ ಕಾಯಿಲೆ ತಿಳಿದು, ಇದು ಇವಳಿಗೂ ಬಂದರೆ ಎಂದು ಹಿಂದೆ ಸರಿದಿದ್ದರು. ನೀನು ಆ ದಿನ ನಗುತ್ತಲೇ, “ಇನ್ನ ಮುಂದ ಯಾರ ಮುಂದೂ ನನ್ನ ಹೆಸರ ಹೇಳಬ್ಯಾಡ್ರಿ, ಚಿನ್ನಿ ಮದುವಿ ಮೊದಲ ಆಗ್ಲಿ” ಎಂದಿದ್ದೆ. ನಾನು ತಟ್ಟೆ ಎತ್ತಿಟ್ಟು ನಿನಗೆ ಬೈದಿದ್ದೆ. ಬೈದವಳು ನಾನೇ. ಆ ಸಂಜೆ, ಬ್ಯಾಗ್ ಹೆಗಲಲ್ಲಿ ತೂಗುತ್ತಿರುವಾಗ ಆ ಹುಡುಗ, ಇದೇ ಪ್ರಣವ್, ನಿಮ್ಮ ಮನೆಯಲ್ಲಿ ಯಾರ್ಯಾರಿದ್ದೀರಿ ಎಂದು ಕೇಳಿದ. “ಅಪ್ಪ, ಅಮ್ಮ, ನಾನು. ಒಬ್ಬಳೇ ಮಗಳು” ಎಂದೆ. ಎಷ್ಟು ಸಲೀಸಾಗಿ ಬಂತು ಗೊತ್ತಾ ಆ ಮಾತು? ಯೋಚಿಸಲೂ ಇಲ್ಲ.

ಮರುದಿನ ಬೆಳಿಗ್ಗೆ ನಾನು ಮನೆಗೆ ಬಂದಾಗ ನೀನು ಉಪ್ಪಿಲ್ಲದ ಉಪ್ಪಿಟ್ಟು ತಿನ್ನುತ್ತಿದ್ದೆ. ಹ್ಯಾಂಗ ಕೇಳಿಸ್ತು ಎಂದು, ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿಕೊಂಡೇ ಕೇಳಿದೆ. ನೀನು “ಛಲೋ ಕೇಳಿಸ್ತು” ಎಂದೆ. ಅಷ್ಟೇ. ಯಾವ ಹಾಡು ಮೊದಲು, ಯಾವುದು ಆಮೇಲೆ ಎಂದು ಕೇಳಲಿಲ್ಲ. ಜಗಳ ತೆಗೆಯಲಿಲ್ಲ. ಬಾ, ತಲೆ ಬಾಚು ಎಂದು ಬಾಚಣಿಗೆ ಕೊಟ್ಟೆ. ಬ್ಯಾಗಿನ ಬಟ್ಟೆಯ ಸರಸರವಷ್ಟೇ ಕೇಳಿದ್ದರೆ ಒಂದೂವರೆ ಗಂಟೆ ಯಾಕೆ ಹಿಡಿದು ಕೂತೆ? ನಮ್ಮ ಮಾತೂ ಕೇಳಿದ್ದರೆ ಯಾಕೆ ಇಟ್ಟುಬಿಡಲಿಲ್ಲ? ನಾಳೆ ಹೇಳುತ್ತೇನೆ, ಈ ವಾರ ಮುಗಿಯಲಿ ಹೇಳುತ್ತೇನೆ ಎಂದು ನಾನು ದಿನ ತಳ್ಳಿದೆ. ಮೂರನೆಯ ವಾರ ಹೇಳಲು ನೀನೇ ಇರಲಿಲ್ಲ. ನೀನು ಹೋದ ದಿನ ಪ್ರಣವ್ ನನಗೆ ಫೋನ್ ಮಾಡಿದಾಗ ಎತ್ತಿದವರು ಅಪ್ಪ. “ನಮ್ಮ ಹಿರೇ ಮಗಳು ಹೋಗಿಬಿಟ್ಲಪಾ” ಎಂದರು. ಒಬ್ಬಳೇ ಮಗಳು ಎಂದಿದ್ದೆಯಲ್ಲ ಎಂದು ಅವನು ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ಎಷ್ಟು ಹಗುರವಾಗುತ್ತಿತ್ತು.

ಹೋದ ಭಾನುವಾರ ಸುಮಾ ಆಂಟಿಯ ಮನೆಯಲ್ಲಿ ಎಲ್ಲರೂ ಸೇರಿದ್ದರು, ಹಡಗಿನ ಜಗಳಕ್ಕೆ ಮುಖಾಮುಖಿ ಮಂಗಳ ಹಾಡಲು. ಪ್ರಣವ್ ನನ್ನ ಜೊತೆಗಿದ್ದ. ನಮ್ಮಲ್ಲಿ ಟಿಕೆಟ್ ಇದೆ ಎಂದು ಮೊದಲು ಹೇಳಿದೆ. ಗುರು ಮುಖ ತಿರುಗಿಸಿ, ಅಕ್ಕನ ನೆನಪಾದರೂ ಇಟ್ಟುಕೊಳ್ಳಬೇಕಿತ್ತು ಎಂದ. ಆಗ ಹೇಳಿಬಿಟ್ಟೆ ಅಕ್ಕ. ಬ್ಯಾಗು, ಫೋನು, ಒಂದೂವರೆ ಗಂಟೆ, ಒಬ್ಬಳೇ ಮಗಳು ಎಂದದ್ದು, ಎಲ್ಲ. ಪ್ರಣವ್‌ಗೂ ಫೋನಿನ ವಿಷಯ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಸುಮಾ ಆಂಟಿ ಚಹಾ ಸೋಸುವವರಂತೆ ಒಳಗೆ ಹೋದರು, ಚಹಾ ಆಗಲೇ ಎಲ್ಲರ ಕೈಯಲ್ಲಿತ್ತು. ಗುರು ನೆಲ ನೋಡುತ್ತ ಹೇಳಿದ: “ನಾ ನಿನಗಿಂತ ಎರಡ ಸಾಲು ಮುಂದ ಇದ್ದೆ, ತಂಗಿ. ನನ್ನ ಕಿಸೆದಾಗೂ ಫೋನ್ ಇತ್ತು. ತೆಗೀಲಿಲ್ಲ.” ಅಂದಿನಿಂದ ಗುಂಪಿನಲ್ಲಿ ಹಡಗಿನ ಮಾತು ಅಲ್ಲೊಂದು ಇಲ್ಲೊಂದು ಬರುತ್ತದೆ. ವೀಣಾ ಇದ್ದಿದ್ದರೆ ಎಂದು ಮಾತ್ರ ಯಾರೂ ಬರೆಯುವುದಿಲ್ಲ.

ವಾಪಸು ಬರುವಾಗ ಭರೂಚಿನ ಸೇತುವೆಯ ಮೇಲೆ ಪ್ರಣವ್ ಕಾರಿನ ವೇಗ ತಗ್ಗಿಸಿದ. ಆಮೇಲೆ, “ಹಾಗಾದ್ರೆ ಅಕ್ಕ ನನ್ನ ಧ್ವನಿ ಕೇಳಿದ್ದಾರೆ” ಎಂದ. ನಿನ್ನನ್ನು ಒಮ್ಮೆಯೂ ಕಾಣಲಿಲ್ಲವೆಂಬ ಕೊರಗು ಅವನಿಗೆ. ನಾನು ಕಿಟಕಿಯ ಕಡೆ ತಿರುಗಿ ಅತ್ತೆ. ಹಡಗು ಬೇಡವೆಂದರೆ ರದ್ದು ಮಾಡೋಣ ಎಂದ. ಬೇಡ ಎಂದೆ. ಹೋಗದೆ ಉಳಿದರೆ, ನಿನಗಾಗಿ ಏನೋ ಬಿಟ್ಟುಕೊಟ್ಟೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಅದು ಇನ್ನೊಂದು ಸುಳ್ಳು. ನಿನಗೆ ಕೊಡಬೇಕಾದದ್ದನ್ನು ಕೊಡಬೇಕಾದ ದಿನ ಕೊಡದವಳು ನಾನು. ಶುಕ್ರವಾರ ಹೋಗುತ್ತೇನೆ, ಕೇಳುತ್ತೇನೆ, ಕುಣಿಯಲೂಬಹುದು. ನಿನ್ನ ಹೆಸರಿನಲ್ಲಿ ಅಲ್ಲ. ನನ್ನ ಆಸೆಗೆ.

ಇವತ್ತು ಬೆಳಿಗ್ಗೆ ಪಕ್ಕದ ಮನೆಯ ಹಂಸಾಬೆನ್ ಢೋಕಳಾ ಕೊಡಲು ಬಂದರು. ಹೊಸ ಸೊಸೆಯನ್ನು ವಿಚಾರಿಸುವ ಹುಮ್ಮಸ್ಸಿನಲ್ಲಿ, ನೀವು ಎಷ್ಟು ಜನ ಒಡಹುಟ್ಟಿದವರು ಎಂದು ಗುಜರಾತಿಯಲ್ಲಿ ಕೇಳಿದರು. “ಅಮೇ ಬೇ ಬೇನೋ” ಎಂದೆ, ನಾವಿಬ್ಬರು ಅಕ್ಕತಂಗಿಯರು. ಎದೆ ಹಗುರವಾಯಿತು ಎನ್ನುವಷ್ಟರಲ್ಲಿ ಅವರು, ಅಕ್ಕನನ್ನು ಯಾವ ಊರಿಗೆ ಕೊಟ್ಟಿದ್ದಾರೆ ಎಂದರು. ನಾನು ಹಿಂದೆ ತಿರುಗಿ ನೋಡಿದೆ. ಇಷ್ಟು ದಿನ ಈ ಪ್ರಶ್ನೆಗೆ ಅಪ್ಪನೋ ಪ್ರಣವ್‌ನೋ ನನ್ನ ಬದಲು ಉತ್ತರ ಹೇಳಿ ಮುಗಿಸುತ್ತಿದ್ದರು. ಪ್ರಣವ್ ಸ್ನಾನಕ್ಕೆ ಹೋಗಿದ್ದ. ಹಂಸಾಬೆನ್ ನಗುತ್ತ ಕಾಯುತ್ತಿದ್ದರು. ಕೈಯಲ್ಲಿದ್ದ ಬಿಸಿ ತಟ್ಟೆಯನ್ನು ಕೆಳಗಿಟ್ಟು, ನನ್ನ ಅಕ್ಕ ಸತ್ತುಹೋದಳು ಎಂದು ನಾನೇ ಹೇಳಿದೆ.

ನಿನ್ನ,
ಚಿನ್ನಿ