ಮ್ಯಾಡ್ರಿಡ್‌ನ ಮಧ್ಯಾಹ್ನ

ತಂಗಿ ನೈರಾ,

ಅಣ್ಣ ಯಾವ ಊರಿನ ಹನ್ನೆರಡು ಗಂಟೆಗೆ ಹೊರಡುತ್ತಾನೋ ನನಗೆ ತಿಳಿಯುತ್ತಿಲ್ಲ. ಹಬ್ಬಕ್ಕೆ ಸತ್ತವರು ಇವತ್ತು ಮಧ್ಯಾಹ್ನ ಮನೆಗೆ ಬಂದು ನಾಳೆ ಮಧ್ಯಾಹ್ನ ಹಿಂತಿರುಗುತ್ತಾರೆ, ಸರಿ. ಆದರೆ ಎಲೋಯ್ ಅಣ್ಣ ಸತ್ತದ್ದು ಮ್ಯಾಡ್ರಿಡ್‌ನಲ್ಲಿ. ಅಲ್ಲಿಂದ ನಮ್ಮ ಲಾ ಪಾಸ್‌ಗೆ ಸುಮಾರು ಒಂಬತ್ತು ಸಾವಿರ ಕಿಲೋಮೀಟರ್. ಸಾಂತಾ ಕ್ರೂಸ್‌ನಲ್ಲಿ ವಿಮಾನ ಬದಲಿಸಿ ಬರಲು ಹದಿನಾರು ಗಂಟೆ ಬೇಕು. ಅಲ್ಲಿ ಹನ್ನೆರಡಾದಾಗ ಇಲ್ಲಿ ಬೆಳಗಿನ ಏಳು. ಹಾಗಾದರೆ ಅವನು ಇಲ್ಲಿಗೆ ಮುಟ್ಟುವುದು ಇವತ್ತು ರಾತ್ರಿ ಹನ್ನೊಂದಕ್ಕೆ.

ಅಮ್ಮನಿಗೆ ಹೇಳಿದೆ. "ಓದಿದ್ದು ಜಾಸ್ತಿಯಾಯ್ತು ನಿಂಗೆ. ಸತ್ತೋನಿಗೆ ಯಾವ ವಿಮಾನವೋ?" ಅಂದಳು.

ನಾಳೆ ಹನ್ನೆರಡಕ್ಕೇ ಅವಳು ಅವನಿಗೆಂದು ಎಡೆಯಿಟ್ಟ ಮೇಜು ಖಾಲಿ ಮಾಡಿ ನೆರೆಯವರಿಗೆಲ್ಲ ಹಂಚುತ್ತಾಳೆ. ಬಿಡಬೇಡ. ಹಿಟ್ಟಿನಲ್ಲಿ ಅವನ ಮುಖ ಮಾಡಿ ಬೇಯಿಸಿದ ಬ್ರೆಡ್ಡನ್ನಾದರೂ ನಾಳೆ ರಾತ್ರಿ ಹನ್ನೊಂದರವರೆಗೆ ಉಳಿಸು, ಅವನಿಗೂ ಪೂರ್ತಿ ಒಂದು ದಿನ ಸಿಗಲಿ. ನೀರಿನ ಲೋಟ ತುಂಬಿಸುತ್ತಿರು, ಬಾಯಾರಿ ಬಂದಿರುತ್ತಾನೆ. ನಾನು ವಿಮಾನ ನಿಲ್ದಾಣಕ್ಕೆ ಹೋಗುತ್ತಿದ್ದೇನೆ. ನಗಬೇಡ.

ಕೊನೆಯ ಸಲ ಆಸ್ಪತ್ರೆಯಿಂದ ಫೋನ್ ಮಾಡಿದಾಗ, "ಮನೆಗೆ ಬರೋಕೆ ಎಷ್ಟು ಹೊತ್ತಾಗುತ್ತೋ?" ಎಂದು ಕೇಳಿದ್ದ. ನಾನು ಲೆಕ್ಕ ಹಾಕಿ ಹದಿನಾರು ಗಂಟೆ ಅಂದೆ. ಬಾ ಅನ್ನಲಿಲ್ಲ.